ರಾಜೀನಾಮೆ ಬರೆದುಕೊಡಿ ಅನ್ನುತ್ತಿದ್ದಾರೆ: ಇಎಸ್‌ಐ ನಿರುದ್ಯೋಗ ಭತ್ಯೆ ಸಿಗುತ್ತದೆಯೇ? ಹಿಂಜರಿತ ಬಂದರೆ ಅವಧಿ ಹೆಚ್ಚಾಗುತ್ತದೆಯೇ?

ಓದುಗರ ಪ್ರಶ್ನೆ: "ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಆರು ವರ್ಷಗಳಿಂದ ಸಿಎನ್‌ಸಿ ಆಪರೇಟರ್ ಆಗಿದ್ದೇನೆ. ಒಟ್ಟು 62 ಜನ ಕಾಯಂ ಕೆಲಸಗಾರರಿದ್ದೇವೆ. ಎರಡು ವರ್ಷದಿಂದ ಸಂಬಳ 20,000 ರೂಪಾಯಿ, ಅದರಲ್ಲಿ ಬೇಸಿಕ್ ಮತ್ತು ಡಿಎ 17,500. ಆರ್ಡರ್ ಇಲ್ಲ ಎಂದು ಡಿಸೆಂಬರ್ 15ರಿಂದ ನಮ್ಮಲ್ಲಿ 20 ಜನರನ್ನು ಕಳಿಸುತ್ತಾರಂತೆ. 'ರಾಜೀನಾಮೆ ಬರೆದುಕೊಡಿ, ಪಿಎಫ್ ಬೇಗ ಸೆಟಲ್ ಮಾಡಿಸುತ್ತೇವೆ, ಆರ್ಡರ್ ಬಂದಾಗ ಮತ್ತೆ ಕರೆಯುತ್ತೇವೆ' ಎಂದು ಎಚ್‌ಆರ್ ಹೇಳುತ್ತಿದ್ದಾರೆ. ಕೋವಿಡ್ ಕಾಲದಲ್ಲಿ ಸರ್ಕಾರ ಅರ್ಧ ಸಂಬಳ ಕೊಟ್ಟಿತ್ತು, ಈಗಲೂ ಹಿಂಜರಿತ ಜೋರಾದರೆ ಮೂರು ತಿಂಗಳನ್ನು ಆರು ತಿಂಗಳಿಗೆ ಹೆಚ್ಚಿಸುತ್ತಾರೆ ಎಂದು ಗೆಳೆಯರು ಅನ್ನುತ್ತಾರೆ. ನಿಜವೇ? ಅಮೆರಿಕದಲ್ಲಿರುವ ನಮ್ಮ ಸೋದರಮಾವನ ಮಗನಿಗೆ 2020ರಲ್ಲಿ ಕೆಲಸ ಹೋದಾಗ ವರ್ಷದ ಮೇಲೂ ಭತ್ಯೆ ಬಂತು. ನಮಗೆ ಯಾಕಿಲ್ಲ? ತಾಯಿಗೆ ಸಕ್ಕರೆ ಕಾಯಿಲೆಯಿದೆ, ಇಎಸ್‌ಐ ಡಿಸ್ಪೆನ್ಸರಿಯ ಔಷಧಿಯನ್ನೇ ನಂಬಿದ್ದೇವೆ. ಅದೂ ನಿಂತುಹೋಗುತ್ತದೆಯೇ?"

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯಗಳಿವೆ. ಭತ್ಯೆಯ ಅವಧಿ ಹೆಚ್ಚಾಗುತ್ತದೆಯೇ ಎಂಬುದು ಒಂದು. ರಾಜೀನಾಮೆ ಪತ್ರಕ್ಕೆ ಸಹಿ ಹಾಕಬೇಕೇ ಎಂಬುದು ಇನ್ನೊಂದು. ಊರೆಲ್ಲ ಮಾತಾಡುವುದು ಮೊದಲನೆಯದನ್ನು, ನಿಮ್ಮ ದುಡ್ಡು ನಿಂತಿರುವುದು ಎರಡನೆಯದರ ಮೇಲೆ. ಉತ್ತರ ಪೂರ್ತಿ ಓದುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಮೊದಲು ಗೆಳೆಯರ ಮಾತನ್ನು ನೋಡೋಣ. ಅದರಲ್ಲಿ ಅರ್ಧ ನಿಜವಿದೆ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಎಂಬ ಇಎಸ್‌ಐ (ನೌಕರರ ರಾಜ್ಯ ವಿಮೆ) ಭತ್ಯೆ 2018ರ ಜುಲೈ 1ರಂದು ಶುರುವಾಯಿತು. ಆಗ ದಿನದ ಸರಾಸರಿ ಗಳಿಕೆಯ ಶೇ 25ರಷ್ಟನ್ನು ಗರಿಷ್ಠ 90 ದಿನ ಕೊಡುತ್ತಿದ್ದರು. ಅದನ್ನು ಕೇಳುವುದಕ್ಕೂ ಕೆಲಸ ಹೋಗಿ 90 ದಿನ ಕಾಯಬೇಕಿತ್ತು. ಕೋವಿಡ್ ಬಂದ ಮೇಲೆ 2020ರ ಆಗಸ್ಟ್‌ನಲ್ಲಿ ಇಎಸ್‌ಐ ನಿಗಮ ಷರತ್ತುಗಳನ್ನು ಸಡಿಲಿಸಿತು. ಆ ವರ್ಷದ ಮಾರ್ಚ್ 24ರಿಂದ ಅನ್ವಯವಾಗುವಂತೆ ದರ ಶೇ 50ಕ್ಕೆ ಏರಿತು, ಕಾಯುವ ಅವಧಿ 30 ದಿನಕ್ಕೆ ಇಳಿಯಿತು, ಮಾಲೀಕರ ಮೂಲಕವೇ ಅರ್ಜಿ ಕೊಡಬೇಕೆಂಬ ನಿಯಮ ಹೋಯಿತು. ಯೋಜನೆಯ ಕೊನೆಯ ದಿನಾಂಕವನ್ನು 2021ರ ಜೂನ್‌ಗೆ, ಆಮೇಲೆ 2022ರ ಜೂನ್‌ಗೆ, ಮತ್ತೆ 2024ರ ಜೂನ್‌ಗೆ, ಹೀಗೆ ಕಂತುಕಂತಾಗಿ ಮುಂದೂಡುತ್ತ ಬಂದರು.

ಹಿಗ್ಗಿದ್ದು ಯೋಜನೆಯ ಆಯುಷ್ಯ ಮತ್ತು ದರ. ಒಬ್ಬ ಕೆಲಸಗಾರನಿಗೆ ಸಿಗುವ ದಿನಗಳು ಕೋವಿಡ್‌ನ ಕಷ್ಟದ ತಿಂಗಳುಗಳಲ್ಲೂ 90ರಿಂದ ಮೇಲೆ ಹೋಗಲಿಲ್ಲ. ಆ 90 ದಿನವೂ ಇಡೀ ಜೀವಮಾನಕ್ಕೆ. ಪತ್ರಿಕೆಯಲ್ಲಿ 'ನಿರುದ್ಯೋಗ ಭತ್ಯೆ ವಿಸ್ತರಣೆ' ಎಂಬ ತಲೆಬರಹ ಬಂದಾಗ, ಆಗಲೇ 90 ದಿನ ಪಡೆದವರು ಇನ್ನೂ ಮೂರು ತಿಂಗಳು ಬರುತ್ತದೆ ಎಂದುಕೊಂಡು ಬ್ರಾಂಚ್ ಆಫೀಸಿಗೆ ಅಲೆಯುವುದು ಇದೇ ಗೊಂದಲದಿಂದ. 'ಆರು ತಿಂಗಳಿಗೆ ಹೆಚ್ಚಿಸುತ್ತಾರೆ' ಎಂಬ ಮಾತನ್ನು ನಂಬಿ ಮನೆ ಖರ್ಚಿನ ಲೆಕ್ಕ ಹಾಕಬೇಡಿ.

ಅಮೆರಿಕದ ವ್ಯವಸ್ಥೆಯ ಕಟ್ಟಡವೇ ಬೇರೆ. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಮಾಮೂಲಿ ಭತ್ಯೆ 26 ವಾರ. ರಾಜ್ಯದ ನಿರುದ್ಯೋಗ ದರ ನಿಗದಿತ ಮಟ್ಟ ದಾಟಿದರೆ ಇನ್ನೂ 13 ವಾರ ತಾನಾಗಿಯೇ ಸೇರುವಂತೆ 1970ರಲ್ಲೇ ಕಾನೂನು ಮಾಡಿದ್ದಾರೆ. ಅದೂ ಸಾಲದಾದಾಗ ಸಂಸತ್ತು ಬೇರೆಯೇ ಕಾಯಿದೆ ತರುತ್ತದೆ. 2008ರ ಹಿಂಜರಿತದ ನಂತರ ತೀರಾ ಪೆಟ್ಟು ತಿಂದ ರಾಜ್ಯಗಳಲ್ಲಿ ಎಲ್ಲ ಸೇರಿ 99 ವಾರದವರೆಗೆ ಕೊಟ್ಟರು. 2020ರಲ್ಲಿ ಕೆಲವು ತಿಂಗಳು ವಾರಕ್ಕೆ 600 ಡಾಲರ್ ಮೇಲ್ಸೇರಿಕೆಯೂ ಇತ್ತು. ಆ ವಿಶೇಷ ಕಾರ್ಯಕ್ರಮಗಳು 2021ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಮುಗಿದವು. ಈ ತುರ್ತು ವಿಸ್ತರಣೆಗಳ ದುಡ್ಡು ಬಂದದ್ದು ಕೇಂದ್ರ ಸರ್ಕಾರದ ಬೊಕ್ಕಸದಿಂದ.

ನಮ್ಮಲ್ಲಿ ಭತ್ಯೆ ಬರುವುದು ಇಎಸ್‌ಐ ನಿಧಿಯಿಂದ, ಎಂದರೆ ಕೆಲಸಗಾರರ ಮತ್ತು ಮಾಲೀಕರ ವಂತಿಗೆಯಿಂದ. ನಿಮ್ಮ 20,000ಕ್ಕೆ ತಿಂಗಳಿಗೆ ನಿಮ್ಮಿಂದ ಶೇ 0.75, ಅಂದರೆ 150 ರೂಪಾಯಿ. ಮಾಲೀಕರಿಂದ ಶೇ 3.25, ಅಂದರೆ 650. ಆಸ್ಪತ್ರೆ, ಔಷಧಿ, ಹೆರಿಗೆ ರಜೆಯ ಸಂಬಳ, ಅಪಘಾತ ಪರಿಹಾರ ಎಲ್ಲಕ್ಕೂ ಈ 800 ರೂಪಾಯಿಯೇ ಆಧಾರ. ಹಿಂಜರಿತದಲ್ಲಿ ಕೆಲಸ ಹೋದಾಗ ವಂತಿಗೆ ಕಟ್ಟುವವರು ಕಡಿಮೆಯಾಗುತ್ತಾರೆ, ಕೇಳುವವರು ಹೆಚ್ಚಾಗುತ್ತಾರೆ. ಬೊಕ್ಕಸದ ಆಸರೆಯಿಲ್ಲದೆ ಅವಧಿ ಹಿಗ್ಗಿಸಲು ನಿಗಮ ಹಿಂಜರಿಯುವುದಕ್ಕೆ ಕಾರಣ ಇದು. ಭತ್ಯೆ ಹೆಚ್ಚು ದಿನ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ವಾದವನ್ನೂ ಕೇಳಿರುತ್ತೀರಿ. 2021ರ ಬೇಸಿಗೆಯಲ್ಲಿ ಅಮೆರಿಕದ ಸುಮಾರು ಅರ್ಧದಷ್ಟು ರಾಜ್ಯಗಳು ಇದೇ ವಾದ ಹಿಡಿದು ವಿಶೇಷ ಭತ್ಯೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದವು. ಭತ್ಯೆ ಕಳೆದುಕೊಂಡವರಲ್ಲಿ ಸ್ವಲ್ಪ ಮಂದಿಗೆ ಬೇಗ ಕೆಲಸ ಸಿಕ್ಕಿತು, ಹೆಚ್ಚಿನವರಿಗೆ ಕೂಡಲೇ ಸಿಗಲಿಲ್ಲ. ಅರ್ಧ ಸಂಬಳ ಮೂರು ತಿಂಗಳು ಸಿಗುವ ಕಡೆ ಆ ವಾದಕ್ಕೆ ಜಾಗವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ಲೆಕ್ಕ. ಕೊನೆಯ ನಾಲ್ಕು ವಂತಿಗೆ ಅವಧಿಗಳ (ಒಂದೊಂದೂ ಆರು ತಿಂಗಳು: ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್) ಒಟ್ಟು ಸಂಬಳವನ್ನು 730ರಿಂದ ಭಾಗಿಸುತ್ತಾರೆ. ನಿಮ್ಮದು 4,80,000 ಭಾಗಿಸು 730, ದಿನಕ್ಕೆ 657 ರೂಪಾಯಿ 53 ಪೈಸೆ. ಅದರ ಅರ್ಧ ಸುಮಾರು 329. 90 ದಿನಕ್ಕೆ 29,600 ರೂಪಾಯಿಯ ಆಸುಪಾಸು. ಹಳೆಯ ಶೇ 25ರ ದರವಾಗಿದ್ದರೆ ಇದು 14,800ಕ್ಕೆ ಇಳಿಯುತ್ತಿತ್ತು. ಯೋಜನೆ ಅಧಿಸೂಚನೆಯಿಂದ ಅಧಿಸೂಚನೆಗೆ ನಡೆಯುವುದರಿಂದ, ನಿಮ್ಮ ಕೊನೆಯ ಕೆಲಸದ ದಿನದಂದು ಅದು ಚಾಲ್ತಿಯಲ್ಲಿದೆಯೇ, ದರ ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಬ್ರಾಂಚ್ ಆಫೀಸಿನಲ್ಲಿ ಮೊದಲೇ ಕೇಳಿಕೊಳ್ಳಿ.

ಇದಕ್ಕೆ ಬೇಕಾದ ಅರ್ಹತೆ ನಿಮಗಿದೆ. ಎರಡು ವರ್ಷದ ವಿಮಾ ಸೇವೆ ಆಗಿರಬೇಕು. ಕೆಲಸ ಹೋಗುವುದಕ್ಕೆ ತೀರಾ ಹಿಂದಿನ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ, ಅದರ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಕನಿಷ್ಠ 78 ದಿನ ವಂತಿಗೆ ಬಿದ್ದಿರಬೇಕು. ಆದರೆ ತಾನಾಗಿ ಕೆಲಸ ಬಿಟ್ಟವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ, ಶಿಸ್ತು ಕ್ರಮದಲ್ಲಿ ವಜಾ ಆದವರಿಗೆ ಇದು ಇಲ್ಲ. ನೀವು ಬರೆದುಕೊಡುವ ರಾಜೀನಾಮೆ ನಿಮ್ಮನ್ನು 'ತಾನಾಗಿ ಬಿಟ್ಟವರ' ಸಾಲಿಗೆ ಸೇರಿಸುತ್ತದೆ.

ಇದಕ್ಕಿಂತ ದೊಡ್ಡ ಮೊತ್ತದ ವಿಷಯ ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಕಾರ್ಖಾನೆಗಳಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ. 2005ರ ಏಪ್ರಿಲ್ 1ರಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಇದೆ. ಕಾರ್ಖಾನೆ ಮುಚ್ಚಿದರೆ ಅಥವಾ ಕಾನೂನಿನ ಅರ್ಥದಲ್ಲಿ ಛಾಂಟಿ, ಅಂದರೆ ಕಂಪನಿಯೇ ಕೆಲಸದಿಂದ ತೆಗೆಯುವ ರಿಟ್ರೆಂಚ್‌ಮೆಂಟ್ ಆದರೆ ಇದು ಅನ್ವಯಿಸುತ್ತದೆ. ಮೊದಲ 12 ತಿಂಗಳು ಸಂಬಳದ ಶೇ 50, ಆಮೇಲಿನ 12 ತಿಂಗಳು ಶೇ 25. ಭತ್ಯೆ ಬರುವಷ್ಟು ಕಾಲ ನಿಮಗೂ ಕುಟುಂಬಕ್ಕೂ ಇಎಸ್‌ಐ ಚಿಕಿತ್ಸೆ ಇರುತ್ತದೆ. ನಿಮ್ಮ ಆರು ವರ್ಷದ ವಂತಿಗೆ ಇದಕ್ಕೆ ಸಾಕು. ಎರಡೂ ವರ್ಷ ಕೆಲಸ ಸಿಗದಿದ್ದರೆ ಒಟ್ಟು ಸುಮಾರು 1,80,000 ರೂಪಾಯಿ. ಒಂದೇ ಅವಧಿಗೆ ಎರಡೂ ಯೋಜನೆಗಳ ಹಣ ಪಡೆಯುವಂತಿಲ್ಲ, ಆದ್ದರಿಂದ ಛಾಂಟಿ ಪತ್ರ ಕೈಗೆ ಬಂದರೆ ಮೊದಲು ಇದನ್ನೇ ಕೇಳಿ. ಒಪ್ಪಂದದ ಅವಧಿ ಮುಗಿದು ನವೀಕರಣವಾಗದೆ ಹೊರಬಂದವರನ್ನು ಕಾನೂನು ಛಾಂಟಿ ಆದವರೆಂದು ಎಣಿಸುವುದಿಲ್ಲ. ನೀವು ಕಾಯಂ ಆಗಿರುವುದರಿಂದ ಆ ತೊಡಕಿಲ್ಲ.

ಈಗ ಎಚ್‌ಆರ್ ಯಾಕೆ ರಾಜೀನಾಮೆ ಕೇಳುತ್ತಾರೆ ಎಂಬುದು ಅರ್ಥವಾಗುತ್ತದೆ. ಛಾಂಟಿ ಎಂದು ಬರೆದರೆ ಕಂಪನಿ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳದಂತೆ ಪರಿಹಾರ ಕೊಡಬೇಕು, ನಿಮಗೆ ಅದು ಹತ್ತಿರಹತ್ತಿರ 60,000. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಛಾಂಟಿಯಾದವರು ಹೊಸ ಕೆಲಸ ಕಲಿಯಲೆಂದಿರುವ ಮರುಕೌಶಲ ನಿಧಿಗೆ ಇನ್ನೂ 15 ದಿನದ ಸಂಬಳ ಕಟ್ಟಬೇಕು. ಅದು ಛಾಂಟಿಯಾದ 45 ದಿನದೊಳಗೆ ನಿಮ್ಮ ಖಾತೆಗೆ ಬರಬೇಕು. ರಾಜೀನಾಮೆ ಪತ್ರ ಕೈಗೆ ಬಂದರೆ ಇದಾವುದೂ ಇಲ್ಲ. 20 ಜನರಿಗೆ ಗುಣಿಸಿ ನೋಡಿ. 'ಮತ್ತೆ ಕರೆಯುತ್ತೇವೆ' ಎಂಬ ಮಾತಿಗೂ ಛಾಂಟಿಯಾದವರಿಗೇ ಕಾನೂನಿನ ಬಲವಿದೆ: ಒಂದು ವರ್ಷದೊಳಗೆ ಹೊಸಬರನ್ನು ತೆಗೆದುಕೊಳ್ಳುವಾಗ ಅವರಿಗೆ ಮೊದಲ ಅವಕಾಶ ಕೊಡಬೇಕು. ರಾಜೀನಾಮೆ ಕೊಟ್ಟವರಿಗೆ ಬಾಯಿಮಾತು ಮಾತ್ರ.

ಪಿಎಫ್ ಬೇಗ ಸೆಟಲ್ ಮಾಡಿಸುತ್ತೇವೆ ಎಂಬುದು ಅವರು ಕೊಡುವ ಉಡುಗೊರೆಯಲ್ಲ. ಪಿಎಫ್ ನಿಮ್ಮದೇ ದುಡ್ಡು, ಕಂಪನಿ ಮಾಡಬೇಕಾದ್ದು ನೀವು ಬಿಟ್ಟ ದಿನಾಂಕವನ್ನು ಪೋರ್ಟಲ್‌ನಲ್ಲಿ ನಮೂದಿಸುವುದು. ಅವರು ನಮೂದಿಸದೆ ಎಳೆದಾಡಿದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ಮೇಲೆ ನೀವೇ ನಿಮ್ಮ ಲಾಗಿನ್‌ನಲ್ಲಿ ನಮೂದಿಸಬಹುದು. ಪಿಂಚಣಿ ಭಾಗವನ್ನು ಮಾತ್ರ ಅವಸರದಲ್ಲಿ ತೆಗೆಯಬೇಡಿ. ಹತ್ತು ವರ್ಷ ಸೇವೆ ತುಂಬಿದರೆ ಪಿಂಚಣಿಗೆ ಅರ್ಹತೆ ಬರುತ್ತದೆ, ನಿಮಗೆ ಆಗಲೇ ಆರು ಆಗಿದೆ. ಗ್ರಾಚ್ಯುಟಿ ಐದು ವರ್ಷ ದಾಟಿದವರಿಗೆ ರಾಜೀನಾಮೆ ಕೊಟ್ಟರೂ ಸಿಗುತ್ತದೆ, ಛಾಂಟಿಯಾದರೂ ಸಿಗುತ್ತದೆ. 17,500ನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ ಆರರಿಂದ ಗುಣಿಸಿದರೆ 60,577. ಅದನ್ನು ತೋರಿಸಿ ಚೌಕಾಸಿ ಮಾಡಲು ಬಂದರೆ ಒಪ್ಪಬೇಡಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು ಲೇ-ಆಫ್ ಕೇಳುವುದು, ಅಂದರೆ ಕೆಲಸದಿಂದ ತೆಗೆಯದೆ ತಾತ್ಕಾಲಿಕವಾಗಿ ಕೆಲಸ ಕೊಡದೆ ಇಟ್ಟುಕೊಳ್ಳುವುದು. ಆರ್ಡರ್ ನಿಜಕ್ಕೂ ಎರಡು ಮೂರು ತಿಂಗಳಲ್ಲಿ ಬರುತ್ತದೆ ಎಂದು ಕಂಪನಿ ನಂಬಿದ್ದರೆ ಇದೇ ಸರಿಯಾದ ಕ್ರಮ. 50 ಮತ್ತು ಹೆಚ್ಚು ಕೆಲಸಗಾರರಿರುವ ಕಡೆ, ಒಂದು ವರ್ಷ ಸೇವೆಯಾದ ಕಾಯಂ ಕೆಲಸಗಾರನಿಗೆ ಲೇ-ಆಫ್ ದಿನಗಳಿಗೆ ಬೇಸಿಕ್ ಮತ್ತು ಡಿಎಯ ಅರ್ಧ ಕೊಡಬೇಕು. ನಿಮಗೆ ತಿಂಗಳಿಗೆ 8,750ರವರೆಗೆ. ಮೊತ್ತ ಚಿಕ್ಕದು, ದಿನವೂ ಗೇಟಿಗೆ ಹೋಗಿ ಹಾಜರಿ ಹಾಕಬೇಕು, 45 ದಿನ ದಾಟಿದ ಮೇಲೆ ಕಂಪನಿ ಛಾಂಟಿಗೆ ಹೋಗಬಹುದು, ಆಗ ಕೊಟ್ಟ ಲೇ-ಆಫ್ ಹಣವನ್ನು ಛಾಂಟಿ ಪರಿಹಾರದಲ್ಲಿ ಮುರಿದುಕೊಳ್ಳಲೂಬಹುದು. ಆದರೆ ಕೆಲಸದ ಸಂಬಂಧ ಕಡಿದುಹೋಗುವುದಿಲ್ಲ, ಲೇ-ಆಫ್ ಹಣದ ಮೇಲೂ ಇಎಸ್‌ಐ ವಂತಿಗೆ ಬೀಳುತ್ತದೆ.

ಎರಡನೆಯದು ಛಾಂಟಿ ಪತ್ರವನ್ನು ಲಿಖಿತವಾಗಿ ಪಡೆಯುವುದು. ಇಲ್ಲಿ ನಿಮ್ಮ ತಾಯಿಯ ಔಷಧಿಯ ಪ್ರಶ್ನೆಯೂ ಬರುತ್ತದೆ. ಇಎಸ್‌ಐನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಆಯಾ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ ಬೇಕು. ನಿಮ್ಮ ಏಪ್ರಿಲ್–ಸೆಪ್ಟೆಂಬರ್ ಪೂರ್ತಿಯಾಗಿದೆ, ಆದ್ದರಿಂದ ಕೆಲಸ ಹೋದರೂ ಮುಂದಿನ ಜೂನ್ 30ರವರೆಗೆ ತಾಯಿಗೆ ಡಿಸ್ಪೆನ್ಸರಿ ತೆರೆದಿರುತ್ತದೆ. ಜುಲೈ ನಂತರದ್ದೇ ಸಮಸ್ಯೆ. ಅಕ್ಟೋಬರ್ 1ರಿಂದ ಡಿಸೆಂಬರ್ 15ರವರೆಗೆ ಭಾನುವಾರವನ್ನೂ ಸೇರಿಸಿದರೆ ಆಗುವುದು 76 ದಿನ. ಎರಡು ದಿನ ಕಡಿಮೆ! ಕಂಪನಿ ಈ ದಿನಾಂಕವನ್ನು ಬೇಕೆಂದೇ ಆರಿಸಿದೆ ಎನ್ನಲಾರೆ, ಆದರೆ ನೀವು ಗಮನಿಸಲೇಬೇಕು. ನೋಟಿಸ್ ಬದಲಿಗೆ ಒಂದು ತಿಂಗಳ ಹಣ ಕೊಟ್ಟು ಅಂದೇ ಕಳಿಸಿದರೆ ಆ ಹಣಕ್ಕೆ ಇಎಸ್‌ಐ ವಂತಿಗೆ ಬೀಳುವುದಿಲ್ಲ, ದಿನಗಳ ಲೆಕ್ಕಕ್ಕೂ ಬರುವುದಿಲ್ಲ. ನೋಟಿಸ್ ಅವಧಿಯನ್ನು ಕೆಲಸ ಮಾಡಿಯೇ ಮುಗಿಸುತ್ತೇನೆ ಎಂದು ಕೇಳಿ. ಜನವರಿ 15ರವರೆಗೆ ಹಾಜರಿಯಿದ್ದರೆ 78 ದಾಟುತ್ತದೆ, ತಾಯಿಗೆ ಡಿಸೆಂಬರ್ ಕೊನೆಯವರೆಗೂ ಚಿಕಿತ್ಸೆ ಉಳಿಯುತ್ತದೆ.

ಮೂರನೆಯದು ರಾಜೀನಾಮೆ. ಬೇರೆ ಕಡೆ ಕೆಲಸದ ಪತ್ರ ಕೈಯಲ್ಲಿದ್ದರೆ ಮಾತ್ರ ಇದಕ್ಕೆ ಅರ್ಥವಿದೆ. ಆಗಲೂ ಕಂಪನಿ ಹೆಚ್ಚಿಗೆ ಏನು ಕೊಡುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ.

ಆಗಲೇ ಸಹಿ ಹಾಕಿದ ಸಹೋದ್ಯೋಗಿಗಳಿದ್ದರೆ ತಡಮಾಡದೆ ರಾಜೀನಾಮೆ ಹಿಂದಕ್ಕೆ ಪಡೆಯುವ ಪತ್ರವನ್ನು ಇ-ಮೇಲ್‌ನಲ್ಲೂ ರಿಜಿಸ್ಟರ್ ಅಂಚೆಯಲ್ಲೂ ಕಳಿಸಲಿ. ಕಂಪನಿ ಅಂಗೀಕರಿಸುವ ಮೊದಲು ತಲುಪಿದರೆ ಅದಕ್ಕೆ ಬೆಲೆ ಹೆಚ್ಚು. ಅಂಗೀಕಾರವಾಗಿದ್ದರೆ ಒತ್ತಾಯದಿಂದ ಬರೆಸಿಕೊಂಡರು ಎಂದು ಕಾರ್ಮಿಕ ಅಧಿಕಾರಿಗೆ ದೂರು ಕೊಡಬೇಕು. ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಬಹುದು. ಒಂದೇ ದಿನ, ಒಂದೇ ಒಕ್ಕಣೆಯ, ಕಂಪನಿಯೇ ಟೈಪ್ ಮಾಡಿಸಿದ 20 ಪತ್ರಗಳಿದ್ದರೆ ಅವೇ ಸಾಕ್ಷಿ. ಎಚ್‌ಆರ್‌ನ ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ.

ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ದೊಡ್ಡ ಕಾನೂನಿನ ತೊಡಕಿನಿಂದಲ್ಲ, ಕಂಪ್ಯೂಟರಿನಲ್ಲಿ ಬಿದ್ದ ಒಂದು ಅಂಕಿಯಿಂದ. ತಿಂಗಳ ವಂತಿಗೆ ಕಟ್ಟುವಾಗ, ಸಂಬಳ ಸೊನ್ನೆಯಾದ ಕೆಲಸಗಾರನ ಎದುರು ಕಂಪನಿ ಒಂದು ಕಾರಣದ ಸಂಖ್ಯೆ ಹಾಕಬೇಕು. 2 ಎಂದರೆ ಕೆಲಸ ಬಿಟ್ಟರು, 10 ಎಂದರೆ ಛಾಂಟಿ, 11 ಎಂದರೆ ಕೆಲಸವಿಲ್ಲ. ಲೆಕ್ಕ ನೋಡುವ ಹುಡುಗ ಅಭ್ಯಾಸಬಲದಿಂದ ಎಲ್ಲರಿಗೂ 2 ಒತ್ತುತ್ತಾನೆ. ನಿಮ್ಮ ಕೈಯಲ್ಲಿ ಛಾಂಟಿ ಪತ್ರ, ದಾಖಲೆಯಲ್ಲಿ 2 ಇದ್ದರೆ ಬ್ರಾಂಚ್ ಮ್ಯಾನೇಜರ್ ತಕರಾರು ತೆಗೆಯುವುದು ಸಹಜ. ಸೆಟಲ್‌ಮೆಂಟ್ ಮಾತಾಡುವಾಗಲೇ ಕೊನೆಯ ಕೆಲಸದ ದಿನ ಮತ್ತು 10 ಎಂಬ ಸಂಖ್ಯೆ ಬೀಳುವಂತೆ ಪತ್ರ ಬರೆದು ಕೇಳಿ, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಇನ್ನುಳಿದ ತಪ್ಪುಗಳು ಈಗಲೇ ಸರಿಪಡಿಸುವಂಥವು. ಹತ್ತು ಅಂಕಿಯ ವಿಮಾ ಸಂಖ್ಯೆಯಿಂದ ಇಎಸ್‌ಐ ಪೋರ್ಟಲ್‌ಗೆ ಹೋಗಿ ವಂತಿಗೆಯ ವಿವರ ತೆಗೆದು, ಸಂಬಳದ ಸ್ಲಿಪ್ ಜೊತೆ ಹೋಲಿಸಿ. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಇಎಸ್‌ಐನಲ್ಲಿರುವುದಕ್ಕೆ ತಾಳೆಯಾಗಬೇಕು, ಆಧಾರ್ ಮತ್ತು ಬ್ಯಾಂಕ್ ಖಾತೆ ಎರಡೂ ಜೋಡಣೆಯಾಗಿರಬೇಕು. ಹಿಂದೆ ಕಂಟ್ರಾಕ್ಟರ್ ಕೈಕೆಳಗೆ ದುಡಿದಾಗ ಇನ್ನೊಂದು ವಿಮಾ ಸಂಖ್ಯೆ ಆಗಿದ್ದರೆ ಎರಡನ್ನೂ ಒಂದು ಮಾಡಿಸಿ, ಇಲ್ಲವಾದರೆ ಸೇವೆ ಹೋಳಾಗಿ ಕಾಣುತ್ತದೆ. ಕಂಪನಿ ನಿಮ್ಮಿಂದ ಮುರಿದುಕೊಂಡು ಕಟ್ಟದೆ ಇದ್ದ ತಿಂಗಳಿದ್ದರೆ ಸ್ಲಿಪ್ ಸಮೇತ ದೂರು ಕೊಡಿ. ವಂತಿಗೆ 'ಕಟ್ಟಿದ ಅಥವಾ ಕಟ್ಟಬೇಕಾದ' ಎಂದು ನಿಯಮ ಹೇಳುವುದರಿಂದ ಮಾಲೀಕರ ಬಾಕಿ ನಿಮ್ಮ ಹಕ್ಕನ್ನು ಕಸಿಯುವುದಿಲ್ಲ.

ಅಟಲ್ ಯೋಜನೆಯ ಅರ್ಜಿಯನ್ನು ಪೋರ್ಟಲ್‌ನಲ್ಲಿ ತುಂಬಿ, ಆಧಾರ್ ಮತ್ತು ಪಾಸ್‌ಬುಕ್ ನಕಲನ್ನು ಅಪ್‌ಲೋಡ್ ಮಾಡಿ. ಆಗದಿದ್ದರೆ ಮುದ್ರಿಸಿ ಸಹಿ ಮಾಡಿ ಬ್ರಾಂಚ್ ಆಫೀಸಿಗೆ ಕೊಡಿ. ಕಳೆದುಹೋದ ದಿನಗಳಿಗೆ ಮಾತ್ರ ಕೇಳಬಹುದು, ಮುಂಬರುವ ದಿನಗಳಿಗೆ ಮುಂಗಡ ಅರ್ಜಿ ನಡೆಯುವುದಿಲ್ಲ. ಬೇರೆ ಕೆಲಸಕ್ಕೆ ಸೇರಿದ ದಿನಕ್ಕೆ ಭತ್ಯೆ ನಿಲ್ಲುತ್ತದೆ. ಹೊಸ ಕಂಪನಿ ನಿಮ್ಮ ಅದೇ ವಿಮಾ ಸಂಖ್ಯೆಗೆ ವಂತಿಗೆ ಕಟ್ಟುವುದರಿಂದ ಮುಚ್ಚಿಟ್ಟರೆ ಗೊತ್ತಾಗುತ್ತದೆ, ಸುಳ್ಳು ಹೇಳಿಕೆಗೆ ಶಿಕ್ಷೆಯೂ ಇದೆ. ರಾಜೀವ್ ಗಾಂಧಿ ಯೋಜನೆಗೆ ಛಾಂಟಿ ಪತ್ರದ ಮೂಲಪ್ರತಿ ತೋರಿಸಬೇಕಾಗುತ್ತದೆ, ಅದನ್ನು ಯಾರ ಕೈಗೂ ಕೊಟ್ಟು ಬರಬೇಡಿ.

ಇದೇ ಸ್ಥಿತಿಯಲ್ಲಿರುವ ಇತರರು ಕೇಳಬಹುದಾದ ಎರಡು ಮಾತು. ರಾಜ್ಯದ ಯುವನಿಧಿ ಕೆಲಸ ಕಳೆದುಕೊಂಡವರಿಗಲ್ಲ. ಅದು ಪದವಿ ಅಥವಾ ಡಿಪ್ಲೊಮಾ ಮುಗಿಸಿ 180 ದಿನವಾದರೂ ಕೆಲಸ ಸಿಗದ ಹೊಸಬರಿಗೆ. ತಿಂಗಳ ಸಂಬಳ 21,000 ದಾಟಿ ಇಎಸ್‌ಐನಿಂದ ಹೊರಗಿರುವವರಿಗೆ, ನಗರದ ಸಾಫ್ಟ್‌ವೇರ್ ನೌಕರರಲ್ಲಿ ಬಹುಪಾಲು ಇವರೇ, ಮೇಲೆ ಹೇಳಿದ ಎರಡು ಭತ್ಯೆಗಳೂ ಇಲ್ಲ. ಸಂಬಳ ಏರಿ ಮಿತಿ ದಾಟಿದವರು ಮಾತ್ರ ಒಂದು ಗಮನಿಸಿ: ಆ ವಂತಿಗೆ ಅವಧಿ ಮುಗಿಯುವವರೆಗೆ ನೀವು ಒಳಗೇ ಇರುತ್ತೀರಿ.

ನಿಮ್ಮ ಮಟ್ಟಿಗೆ ಈ ವಾರದ ಕೆಲಸ ಇಷ್ಟು: ಪೋರ್ಟಲ್‌ನಿಂದ ವಂತಿಗೆ ವಿವರ ಮುದ್ರಿಸಿಕೊಳ್ಳಿ, 20 ಜನರೂ ಸೇರಿ ಲೇ-ಆಫ್ ಅಥವಾ ಛಾಂಟಿ ಎಂದು ಲಿಖಿತ ಮನವಿ ಕೊಡಿ, ನೋಟಿಸ್ ಅವಧಿಯನ್ನು ಕೆಲಸ ಮಾಡಿಯೇ ಕಳೆಯುತ್ತೇವೆ ಎಂಬುದನ್ನು ಅದೇ ಮನವಿಯಲ್ಲಿ ಬರೆಯಿರಿ.